ಸುಧೀರ ಸಿಗರೇಟು ಬಿಟ್ಟ ಎರಡನೇ ವಾರ

ಸಿಗರೇಟು ಬಿಟ್ಟರೆ ಮನುಷ್ಯ ಆಸ್ಪತ್ರೆ ಸೇರುತ್ತಾನೆಯೇ? ಎರಡು ತಿಂಗಳ ಹಿಂದೆ ಯಾರಾದರೂ ಹೀಗೆ ಕೇಳಿದ್ದರೆ ನಕ್ಕುಬಿಡುತ್ತಿದ್ದೆ.

ಈಗ ನಗು ಬರುವುದಿಲ್ಲ. ಕಳೆದ ತಿಂಗಳು ಒಂದು ಭಾನುವಾರ ಬೆಳಿಗ್ಗೆ, ಮಲ್ಕಾಜ್‌ಗಿರಿಯ ನಮ್ಮ ಮನೆಯಲ್ಲಿ, ಉಪ್ಪಿಟ್ಟು ತಿನ್ನುತ್ತಿದ್ದ ನನ್ನ ಮೈದುನ ಸುಧೀರ ಕುರ್ಚಿಯಿಂದ ಜಾರಿ, ಕೈಕಾಲು ಸೆಟೆದು ನೆಲಕ್ಕೆ ಬಿದ್ದ. ಅವನಿಗೆ ಸಿಗರೇಟು ಬಿಡಿಸಿದವಳು ನಾನು.

ಸುಧೀರನಿಗೆ ನಲವತ್ತೆರಡು. ನಮ್ಮ ಜೊತೆಗೇ ಇರುತ್ತಾನೆ. ಬೇಗಂ ಬಜಾರಿನ ಸ್ಟೀಲ್ ಪಾತ್ರೆಗಳ ಅಂಗಡಿಯೊಂದರಲ್ಲಿ ಕೆಲಸ. ಇಪ್ಪತ್ತರ ಪ್ರಾಯದಲ್ಲಿ ಅವನಿಗೆ ಸ್ಕಿಜೋಫ್ರೇನಿಯಾ ಶುರುವಾಯಿತು. ಯಾರೋ ಬೈಯುವ ದನಿ ಕಿವಿಯಲ್ಲಿ. ಫ್ಯಾನಿನೊಳಗೆ ಯಾರೋ ಕ್ಯಾಮೆರಾ ಇಟ್ಟಿದ್ದಾರೆಂಬ ಭಯ. ಎರಡು ಮೂರು ಮದ್ದು ಸೋತ ಮೇಲೆ ಡಾಕ್ಟರು ಕ್ಲೋಜಪಿನ್ ಎಂಬ ಗುಳಿಗೆ ಕೊಟ್ಟರು. ಅದು ಹಿಡಿಯಿತು. ಆರು ವರ್ಷಗಳಿಂದ ದನಿಗಳಿಲ್ಲ. ತಿಂಗಳಿಗೊಮ್ಮೆ ರಕ್ತ ಪರೀಕ್ಷೆ ಮಾತ್ರ ತಪ್ಪಿಸುವಂತಿಲ್ಲ, ಏಕೆಂದರೆ ಈ ಗುಳಿಗೆ ಕೆಲವರಲ್ಲಿ ಬಿಳಿ ರಕ್ತಕಣಗಳನ್ನೇ ಇಳಿಸಿಬಿಡುತ್ತದಂತೆ. ನಾವು ತಪ್ಪಿಸಿರಲಿಲ್ಲ. ಅಷ್ಟರಿಂದಲೇ ಎಲ್ಲ ಎಚ್ಚರಿಕೆಯೂ ಮುಗಿಯಿತು ಅಂದುಕೊಂಡಿದ್ದೆವು.

ಉಳಿದದ್ದು ಸಿಗರೇಟು. ದಿನಕ್ಕೆ ಒಂದೂವರೆ ಪ್ಯಾಕು. ನಾನು ಬೆನ್ನು ಹತ್ತಿದೆ. (ನಾನು ಬೆನ್ನು ಹತ್ತಿದರೆ ಏನಾಗುತ್ತದೆಂದು ನಮ್ಮ ಮನೆಯವರನ್ನು ಕೇಳಿ.) ಕೊನೆಗೊಂದು ದಿನ ಸುಧೀರ ಪ್ಯಾಕನ್ನು ನನ್ನ ಕೈಗೇ ಕೊಟ್ಟು, ಇನ್ನು ಮುಟ್ಟುವುದಿಲ್ಲ ಅಂದ. ಮುಟ್ಟಲಿಲ್ಲ ಕೂಡ. ನಾನು ಶಾವಿಗೆ ಪಾಯಸ ಮಾಡಿದೆ. ವಾಟ್ಸ್ಯಾಪ್ ಗುಂಪಿನಲ್ಲಿ ಹಾಕಿದೆ. ರಾಯಚೂರಿನ ನೆಂಟರು ಫೋನ್ ಮಾಡಿ ಹೊಗಳಿದರು. ಅವನನ್ನಲ್ಲ, ನನ್ನನ್ನು.

ಒಂದು ವಾರ ಕಳೆಯುವಷ್ಟರಲ್ಲಿ ಅವನು ಬೆಳಿಗ್ಗೆ ಹತ್ತಾದರೂ ಏಳುತ್ತಿರಲಿಲ್ಲ. ದಿಂಬೆಲ್ಲ ಜೊಲ್ಲು. ಮಾತು ತೊದಲು. ಅಂಗಡಿಯಲ್ಲಿ ನಿಂತಲ್ಲೇ ತೂಕಡಿಸುತ್ತಾನೆಂದು ಸೇಠ್‌ಜೀ ಫೋನ್ ಮಾಡಿದರು. ಒಂದು ಸಂಜೆ ಸುಧೀರ ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತು ಹೇಳಿದ:

"ವೈನೀ, ತಲಿ ಭಾಳ ಭಾರ ಆಗೈತ್ರಿ. ಗುಳಿಗಿ ಜಾಸ್ತಿ ಆದಂಗ ಅನಸಾಕತ್ತೈತಿ."

ಗುಳಿಗೆ ಬಿಡಲು ನೆಪ ಹುಡುಕುತ್ತಿದ್ದಾನೆ ಅಂದುಕೊಂಡೆ. ಗುಳಿಗೆ ಬೇಡ ಅನ್ನುವುದೇ ಕಾಯಿಲೆ ಮರಳುವ ಮೊದಲ ಗುರುತು ಎಂದು ಹಿಂದೆ ಅನುಭವದಿಂದ ಕಲಿತಿದ್ದೆವು. ಅದೇ ಡೋಸ್ ತಾನೇ, ಆರು ವರ್ಷ ಆಗದ್ದು ಈಗ ಹೇಗೆ ಜಾಸ್ತಿಯಾಗುತ್ತದೆ ಎಂದು ಗದರಿದೆ. ಅಂದಿನಿಂದ ಗುಳಿಗೆಯನ್ನು ನಾನೇ ಕೈಯಲ್ಲಿಟ್ಟು, ನುಂಗಿದನೋ ಇಲ್ಲವೋ ಎಂದು ಬಾಯಿ ತೆರೆಸಿ ನೋಡತೊಡಗಿದೆ.

ಆಮೇಲೆ ಬಂದದ್ದೇ ಆ ಭಾನುವಾರ.

ನಮ್ಮ ಮನೆಯವರು ಅವನನ್ನು ಪಕ್ಕಕ್ಕೆ ಹೊರಳಿಸಿ ಹಿಡಿದರು. ನಾನು ಆಂಬುಲೆನ್ಸಿಗೆ ಫೋನ್ ಮಾಡಿದೆ. ವಿಳಾಸ ಹೇಳಬೇಕಾದಾಗ ನಮ್ಮ ಮನೆ ನಂಬರೇ ನೆನಪಾಗಲಿಲ್ಲ.

ಆಸ್ಪತ್ರೆಯಲ್ಲಿ ಮಾನಸಿಕ ರೋಗಗಳ ಡಾಕ್ಟರೊಬ್ಬರು ಬಂದರು. ಅವನ ಗುಳಿಗೆಯ ಚೀಟಿ ನೋಡಿದರು. ಅವನ ಬೆರಳುಗಳ ಮೇಲಿನ ಹಳದಿ ಕಲೆ ನೋಡಿದರು. ನನ್ನ ಕಡೆ ತಿರುಗಿ ಕೇಳಿದ್ದು ಒಂದೇ ಪ್ರಶ್ನೆ.

"ಸಿಗರೇಟ್ ಕಬ್ ಛೋಡಾ?"

ಮೊನ್ನೆ ಮೊನ್ನೆ ಬಿಟ್ಟ ಡಾಕ್ಟ್ರೇ ಅಂದೆ. ಸ್ವಲ್ಪ ಹೆಮ್ಮೆಯಿಂದಲೇ ಅಂದೆನೇನೋ. ಅವರು ಕುರ್ಚಿ ಎಳೆದು ಕೂತು ವಿವರಿಸಿದರು.

ಮೆದುಳಿನ ಕೋಶಗಳು ಡೋಪಮೀನ್ ಎಂಬ ರಾಸಾಯನಿಕದ ಮೂಲಕವೂ ಒಂದಕ್ಕೊಂದು ಸುದ್ದಿ ಮುಟ್ಟಿಸುತ್ತವೆ. ಈ ಕಾಯಿಲೆಯಲ್ಲಿ ಕೆಲವು ಕಡೆ ಆ ಸುದ್ದಿ ಅತಿಯಾಗುತ್ತದೆ; ಇಲ್ಲದ ದನಿ ಕೇಳಿಸುತ್ತದೆ. ಗುಳಿಗೆ ಆ ಸುದ್ದಿ ಒಳಹೋಗುವ ಬಾಗಿಲಲ್ಲಿ ಕೂತು ತಡೆಯುತ್ತದೆ. ಕ್ಲೋಜಪಿನ್ ಇನ್ನೂ ಹಲವು ಬಾಗಿಲುಗಳಲ್ಲಿ ಕೂರುತ್ತದೆ. ಬೇರೆ ಮದ್ದು ಸೋತಲ್ಲಿ ಇದು ಗೆಲ್ಲಬಹುದು, ಆದರೆ ಜೊಲ್ಲು, ಮಂಪರು, ಮಲಬದ್ಧತೆ, ಪ್ರಮಾಣ ಮೀರಿದರೆ ಫಿಟ್ಸ್, ಎಲ್ಲವೂ ಇದರ ಜೊತೆಗೇ ಬರಬಹುದು.

ಸಿಗರೇಟಿಗೂ ಇದಕ್ಕೂ ಏನು ಸಂಬಂಧ? ಸಿಗರೇಟಿನ ಹೊಗೆ (ನಿಕೋಟಿನ್ ಅಲ್ಲ, ಹೊಗೆ) ಲಿವರ್‌ನಲ್ಲಿ ಈ ಗುಳಿಗೆಯನ್ನು ಕರಗಿಸುವ ಕೆಲಸವನ್ನು ಚುರುಕುಗೊಳಿಸುತ್ತದೆ. ಸೇದುವವನಿಗೆ ಅದಕ್ಕೆ ತಕ್ಕಂತೆ ಹೆಚ್ಚು ಡೋಸ್ ಬೇಕಾಗುತ್ತದೆ. ಹೊಗೆ ನಿಂತಿತೋ, ಕೆಲವೇ ದಿನಗಳಲ್ಲಿ ಆ ಕೆಲಸವೂ ನಿಧಾನ. ನುಂಗುವ ಗುಳಿಗೆ ಅಷ್ಟೇ, ರಕ್ತದಲ್ಲಿ ಉಳಿಯುವುದು ಬಹಳ ಹೆಚ್ಚು.

ನಾನೇ ಬಾಯಿ ತೆರೆಸಿ ನುಂಗಿಸುತ್ತಿದ್ದೆನಲ್ಲ, ದಿನಾ?

ಹಾಗಾದರೆ ಮತ್ತೆ ಸೇದಲಿಯೇ ಎಂದು ಪೆದ್ದಿಯಂತೆ ಕೇಳಿದೆ. ಖಂಡಿತ ಬೇಡ, ಬಿಟ್ಟದ್ದು ಒಳ್ಳೆಯದೇ ಅಂದರು. ಬಿಡುವ ಮೊದಲೇ ನಮಗೆ ಹೇಳಿದ್ದರೆ ರಕ್ತದಲ್ಲಿ ಮದ್ದಿನ ಪ್ರಮಾಣ ನೋಡಿಕೊಂಡು ಡೋಸ್ ಇಳಿಸುತ್ತಿದ್ದೆವು. ನೀವಾಗಿಯೇ ಗುಳಿಗೆ ನಿಲ್ಲಿಸಬೇಡಿ. ಅವನು ಮತ್ತೆ ಸೇದಿದರೂ ಮುಚ್ಚಿಡಬೇಡಿ, ಆಗ ಮದ್ದು ಸಾಲದೆ ದನಿಗಳು ಮರಳಬಹುದು ಅಂದರು.

ಆರು ವರ್ಷದಲ್ಲಿ ಇದನ್ನು ನಮಗೆ ಯಾರೂ ಹೇಳಿರಲಿಲ್ಲ. ನಾವೂ ಕೇಳಿರಲಿಲ್ಲ.

ಡೋಸ್ ಇಳಿಸಿದರು. ಐದನೇ ದಿನ ಸುಧೀರ ಮನೆಗೆ ಬಂದ. ಈಗ ಅಂಗಡಿಗೂ ಹೋಗುತ್ತಿದ್ದಾನೆ, ಸಿಗರೇಟಿಲ್ಲದೆ. ಮೊನ್ನೆ ಮಧ್ಯಾಹ್ನ ಅವನೆದುರು ಕೂತು, ತಪ್ಪಾಯಿತು ಕಣೋ ಅಂದೆ. ಅವನು ಅಂದ:

"ಸಿಟ್ಟಿಲ್ರಿ ವೈನೀ. ಆದ್ರ ಗುಳಿಗಿ ಜಾಸ್ತಿ ಆಗೈತಿ ಅಂತ ನಾನು ಮೂರು ಸರ್ತಿ ಹೇಳಿದ್ದೆ. ಅದನ್ನ ಅಣ್ಣ ಹೇಳಿದ್ರ, ನೀವು ಅವತ್ತೇ ಡಾಕ್ಟರಿಗೆ ಫೋನ್ ಮಾಡ್ತಿದ್ರಿ. ಹೌದಲ್ರಿ?"

ಹೌದು. ಮಾಡುತ್ತಿದ್ದೆ.

ಕಾಯಿಲೆ ಅವನಿಗೆ, ಸರಿ. ಕಿವುಡು ಯಾರಿಗೆ?