ಹಿತಕಬೇಳೆ ಸಾರೂ ಭಾವನ ಸ್ಕ್ಯಾನೂ

ಹೋದ ವರ್ಷ ಒಂದು ಭಾನುವಾರ ಮಧ್ಯಾಹ್ನ ನನ್ನ ಭಾವನ ಹೊಟ್ಟೆಯ ಮೇಲೆ ಪೇಪರು ಕುಣಿಯುತ್ತಿತ್ತು.

ಗಾಳಿ ಇರಲಿಲ್ಲ. ಫ್ಯಾನೂ ತಿರುಗುತ್ತಿರಲಿಲ್ಲ (ಹಿಂದೂಪುರದಲ್ಲಿ ಮಧ್ಯಾಹ್ನ ಕರೆಂಟು ಇರುತ್ತೆ ಅಂತ ನಿಮಗೆ ಯಾರು ಹೇಳಿದರು?). ಭಾವ ಅಂದರೆ ನನ್ನ ಹೆಂಡತಿ ಸರೋಜಳ ಅಣ್ಣ, ಹನುಮಂತರಾಯಪ್ಪ. ಕಲ್ಯಾಣದುರ್ಗದಲ್ಲಿ ಹಿಟ್ಟಿನ ಗಿರಣಿ ಇಟ್ಟಿದ್ದಾರೆ. ಕಡ್ಡಿಯಂಥ ಆಳು. ಊಟ ಮುಗಿಸಿ ನಮ್ಮ ಪಡಸಾಲೆಯಲ್ಲಿ ಅಂಗಾತ ಮಲಗಿ, ಓದುತ್ತಿದ್ದ ಪೇಪರನ್ನು ಹೊಟ್ಟೆಯ ಮೇಲೆ ಹಾಕಿಕೊಂಡು ಹಾಗೇ ನಿದ್ದೆ ಹೋಗಿದ್ದರು. ಅದು ಒಂದೇ ಸಮನೆ ಎದ್ದು ಬೀಳುತ್ತಿತ್ತು. ನನ್ನ ಅಂಕಣ ಇರುವ ಪುಟವೇ ಇರಬೇಕು ಅಂದೆ. ಸರೋಜ ನಗಲಿಲ್ಲ.

"ಉಸಿರಾಡಾದೇ ಬ್ಯಾರೆ, ಇದು ಬ್ಯಾರೆ ಕಣ್ರೀ. ಡಾಕ್ಟ್ರ ತಾವ ಕರ್ಕೊಂಡೋಗಿ."

ನಮ್ಮೂರಿಗೆ ಆಗಷ್ಟೇ ಅಲ್ಟ್ರಾಸೌಂಡ್ ಮೆಷಿನ್ನು ಬಂದಿತ್ತು. ಎದೆಯಿಂದ ಹೊಟ್ಟೆಗೆ ಇಳಿಯುವ ದೊಡ್ಡ ರಕ್ತನಾಳ ಒಂದು ಕಡೆ ಉಬ್ಬಿಕೊಂಡಿದೆ ಅಂದರು ಸ್ಕ್ಯಾನಿಂಗ್ ಡಾಕ್ಟರಮ್ಮ. ಹಳೇ ಸೈಕಲ್ ಟ್ಯೂಬು ಉಬ್ಬುತ್ತಲ್ಲ, ಹಾಗೆ. ಅಗಲ ನಾಲ್ಕೂವರೆ ಸೆಂಟಿಮೀಟರು. ಒಡೆದರೆ ಬೆಂಗಳೂರು ಮುಟ್ಟುವಷ್ಟೂ ಟೈಮ್ ಸಿಗುವುದಿಲ್ಲ. ಆದರೆ ಈಗಲೇ ಆಪರೇಷನ್ ಬೇಡ, ಆರು ತಿಂಗಳಿಗೊಮ್ಮೆ ಅಳೆಯೋಣ, ಐದೂವರೆ ಹತ್ತಿರ ಬಂದರೆ ಕೊಯ್ಯಬೇಕು ಅಂದರು. ಅಲ್ಲಿಯವರೆಗೆ ಬೀಡಿ ಬಂದ್, ಮೂಟೆ ಎತ್ತೋದು ಬಂದ್, ಬೀಪಿ ಮಾತ್ರೆ ದಿನಾ.

ಭಾವನಿಗೆ ಇದು ಸರಿಬರಲಿಲ್ಲ. "ಸೂಜಿ ಇಲ್ಲ, ಬಾಟ್ಲಿ ಇಲ್ಲ. ಸುಮ್ಕೆ ನೋಡ್ಕಂಡು ಕೂರಾದೂ ಒಂದು ವೈದ್ಯನೇನಪ್ಪ?" ಅಂದರು.

ಅವರೊಬ್ಬರನ್ನೇ ಯಾಕೆ ಅನ್ನಲಿ? ಗ್ಲೂಕೋಸ್ ಏರಿಸದ ಡಾಕ್ಟರನ್ನು ನಾವು ಯಾವತ್ತು ಡಾಕ್ಟರು ಅಂತ ಒಪ್ಪಿಕೊಂಡಿದ್ದೇವೆ?

ಕಲ್ಯಾಣದುರ್ಗಕ್ಕೆ ಅನಂತಪುರ ಹತ್ತಿರ. ಸ್ಕ್ಯಾನಿಂಗ್ ಅಲ್ಲೂ ಇದೆ. ಆದರೆ ಅಲ್ಲಿ ತಂಗಿ ಇಲ್ಲವಲ್ಲ. ಹಾಗಾಗಿ ಆರು ತಿಂಗಳಾದ ಮೇಲೆ ಭಾವ ಮತ್ತೆ ಇಲ್ಲಿಗೇ ಬಂದರು. ಖಾಲಿ ಹೊಟ್ಟೆಯಲ್ಲಿ ಬರಬೇಕು ಅಂತ ಡಾಕ್ಟರಮ್ಮ ಹೇಳಿದ್ದರು. ಪಾಪ, ಕಾಫಿಯನ್ನೂ ಕುಡಿಯದೆ ಮೊದಲ ಬಸ್ಸು ಹತ್ತಿದ್ದವರು ಸೋಮಂದೇಪಲ್ಲಿ ದಾಟುವಷ್ಟರಲ್ಲಿ ಸೊರಗಿಹೋಗಿದ್ದರು. ನಮ್ಮ ಮನೆಯಲ್ಲಿ ಅವತ್ತು ಹಿತಕಬೇಳೆ ಸಾರು. ಅವರೆಕಾಯಿ ಕಾಲದಲ್ಲಿ ಇನ್ನೇನಿರುತ್ತೆ?

"ಬ್ಯಾಡ ಕಣಮ್ಮ, ಸ್ಕ್ಯಾನಿಂಗ್ ಐತೆ," ಅಂದರಂತೆ ಭಾವ.

"ಒಂದೇ ಒಂದು ಮುದ್ದೆ ಕಣಣ್ಣ. ಮಿಷನ್ನಿಗೇನು ಗೊತ್ತಾಯ್ತದೆ?"

ತವರಿನಿಂದ ಬಂದ ಅಣ್ಣನನ್ನು ಉಣ್ಣಿಸದೆ ಹೊಸಿಲು ದಾಟಿಸುವ ಹೆಣ್ಣುಮಗಳು ನಮ್ಮ ಕಡೆ ಇನ್ನೂ ಹುಟ್ಟಿಲ್ಲ. ಒಂದು ಮುದ್ದೆ ಎರಡಾಯಿತು.

ಅವತ್ತು ಡಾಕ್ಟರಮ್ಮ ರಜೆ. ಬದಲಿಗೆ ಬಂದಿದ್ದ ಡಾಕ್ಟರು "ಏಮೈನಾ ತಿನ್ನಾರಾ?" ಅಂತ, ಏನಾದರೂ ತಿಂದಿದ್ದೀರಾ ಅಂತ ತೆಲುಗಿನಲ್ಲಿ ಕೇಳಿದರು. ಭಾವ "ಲೇದು ಸಾರ್" ಅಂದುಬಿಟ್ಟರು. ತಿಂದೆ ಅಂದರೆ ಮಾತು ತಂಗಿಯ ಮೇಲೆ ಬರುತ್ತಲ್ಲ?

ರಿಪೋರ್ಟು ಬಂತು. ನಾಲ್ಕು ಸೆಂಟಿಮೀಟರು. ಅರ್ಧ ಸೆಂಟಿಮೀಟರು ಇಳಿದಿದೆ.

ಮನೆಯಲ್ಲಿ ಒಬ್ಬಟ್ಟಾಯಿತು. ಭಾವ ಖುಷಿಯಾಗಿ ಊರಿಗೆ ಹೋಗಿ ಬೀಡಿ ಹಚ್ಚಿದರು, ಮೂಟೆಗೆ ಹೆಗಲು ಕೊಟ್ಟರು. ಮಾತ್ರೆಗಳು ಗೂಡು ಸೇರಿದವು.

ಮುಂದಿನ ವಾರ ಡಾಕ್ಟರಮ್ಮ ನನಗೆ ಹೇಳಿಕಳಿಸಿದರು. ಹಳೇ ಫಿಲ್ಮು, ಹೊಸ ಫಿಲ್ಮು ಎರಡನ್ನೂ ಬೆಳಕಿಗೆ ಸಿಕ್ಕಿಸಿ ತೋರಿಸಿದರು. "ಇದು ತಾನಾಗಿ ಇಳಿಯೋ ಜಾತಿ ಅಲ್ಲ. ನಿಂತರೆ ನಿಲ್ಲುತ್ತೆ, ಇಲ್ಲ ಬೆಳೆಯುತ್ತೆ. ನೋಡಿ, ಉಬ್ಬಿದ ಜಾಗದ ಮೇಲೆಲ್ಲ ಗ್ಯಾಸು ಮುಚ್ಚಿಕೊಂಡಿದೆ. ಕಂಡಷ್ಟನ್ನು ಅಳೆದಿದ್ದಾರೆ. ಒಂದು ಸಲ ನೋಡಿದರೆ ಬರೀ ಫೋಟೋ. ಅದೇ ಜಾಗನ ಮತ್ತೆ ನೋಡಿದರೆ ತಾನೆ ಬೆಳೆದಿದ್ದು ಗೊತ್ತಾಗೋದು? ಅಷ್ಟಕ್ಕೂ ಆಯನ ಏಂ ತಿನ್ನಾರು, ಏನು ತಿಂದು ಬಂದಿದ್ದರು?"

"ಅವರ ತಂಗಿ ನಮ್ಮನೇಲಿದ್ದಾಳೆ," ಅಂದೆ.

ಡಾಕ್ಟರಮ್ಮ ಇಲ್ಲೇ ಪಕ್ಕದ ಪರಿಗಿಯವರು. ಅವರಿಗೂ ಅಣ್ಣಂದಿರಿದ್ದಾರೆ. ತಕ್ಷಣ ಕರೆಸಿ, ಈ ಸಲ ಖಾಲಿ ಹೊಟ್ಟೆಯಲ್ಲೇ ಅಂದರು.

ಮನೆಗೆ ಬಂದು ಸರೋಜಳಿಗೆ ಹೇಳಿದೆ. "ನಾನೇ ಅಣ್ಣನ್ನ ಕೊಂದ್ಬುಡ್ತಿದ್ನಲ್ರೀ," ಅಂದಳು. ಸಮಾಧಾನ ಹೇಳೋಣವೆಂದರೆ ನನಗೂ ಭಯವಾಗಿತ್ತು. ಅಷ್ಟು ಹೊತ್ತಿಗೆ ಅಲ್ಲಿ ಭಾವ ಎಷ್ಟನೆಯ ಮೂಟೆ ಎತ್ತುತ್ತಿದ್ದರೋ.

ಗಿರಣಿ ಪಕ್ಕದ ಅಂಗಡಿಗೆ ಫೋನ್ ಮಾಡಿ ಕರೆಸಿದೆವು. ಮಾರನೆಯ ಬೆಳಿಗ್ಗೆ ನಮ್ಮ ಮನೆಯಲ್ಲಿ ಒಲೆ ಹೊತ್ತಲಿಲ್ಲ. ಸರೋಜ ಅಡುಗೆಮನೆ ಬಾಗಿಲಿಗೆ ಅಡ್ಡ ಕೂತಿದ್ದಳು. ತಾನೂ ಕಾಫಿ ಕುಡಿದಿರಲಿಲ್ಲ (ನನಗೂ ಕೊಡಲಿಲ್ಲ, ಅದು ಬೇರೆ ವಿಷಯ). ಭಾವ ಅಭ್ಯಾಸಬಲದಿಂದ ಒಳಗೆ ಇಣುಕಿದರು.

"ಒಂದ್ಲೋಟ ಮಜ್ಜಿಗೆನಾದ್ರೂ ಕೊಡಮ್ಮ."

"ಏನಿಲ್ಲ. ಸುಮ್ಕೆ ಹೋಗಿ ಬಾಣ್ಣ," ಅಂದಳು. ಅಂದವಳೇ ಮುಖ ಆ ಕಡೆ ತಿರುಗಿಸಿಕೊಂಡಳು. ಮದುವೆಯಾದಾಗಿನಿಂದ ಅವಳು ಅಣ್ಣನಿಗೆ ಏನಾದರೂ ಇಲ್ಲ ಅಂದದ್ದನ್ನು ನಾನು ಕೇಳಿರಲಿಲ್ಲ.

ಈ ಸಲ ನಾಳ ಉದ್ದಕ್ಕೂ ನಿಚ್ಚಳವಾಗಿ ಕಂಡಿತು. ಐದೂವರೆಗೆ ಕೂದಲೆಳೆಯಷ್ಟು ಕಡಿಮೆ. ಇಷ್ಟು ಬೇಗ ಬೆಳೆದಿರೋದು ಒಳ್ಳೇದಲ್ಲ, ಇನ್ನು ಕಾಯೋದು ಬೇಡ ಅಂತ ಡಾಕ್ಟರಮ್ಮ ಅವತ್ತೇ ಬೆಂಗಳೂರಿಗೆ ಚೀಟಿ ಬರೆದರು. ಅಲ್ಲಿ ಉಬ್ಬಿದ ಕಡೆ ಬಟ್ಟೆಯಂಥ ಕೊಳವೆ ಇಟ್ಟು ಹೊಲಿದರು. ಭಾವ ಉಳಿದರು.

ಮೊನ್ನೆ ಕಲ್ಯಾಣದುರ್ಗಕ್ಕೆ ಹೋಗಿದ್ದೆವು. ಭಾವ ಗಿರಣಿಯಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದರು. ರಾಗಿ ಬೀಸಿಸಲು ಬಂದವರಿಗೆಲ್ಲ ಸರೋಜಳನ್ನು ತೋರಿಸಿ, "ಇವಳೇ ನೋಡ್ರಪ್ಪ ನನ್ನ ತಂಗಿ. ಇವ್ಳು ಅವತ್ತು ಮಜ್ಜಿಗೇನೂ ಕೊಡ್ದೆ ಉಪಾಸ ಕೆಡವಿದ್ಕೇ ನಾನು ಬದುಕಿವ್ನಿ," ಅನ್ನುತ್ತಿದ್ದರು. ಸರೋಜ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು.

ತಂಗಿ ಉಪವಾಸ ಕೆಡವಿದಳು ಅಂತ ಊರಿಗೆಲ್ಲ ಹೆಮ್ಮೆಯಿಂದ ಹೇಳಿಕೊಳ್ಳುವ ಅಣ್ಣನನ್ನು ನೀವು ಎಲ್ಲಾದರೂ ಕಂಡಿದ್ದೀರಾ?