ಹುಣಸೆಹಣ್ಣು ಹಾಕಿ ತಿಕ್ಕಿದ ಬಂದೂಕು

ನನ್ನ ಭಾವ ಬ್ಯಾಂಕಿನಲ್ಲಿ ದೊಡ್ಡ ಹುದ್ದೆಯಲ್ಲಿದ್ದಾರೆ. ಇಲ್ಲಿ ಸೆರಂಗೂನ್ ಬಡಾವಣೆಯ ಅವರ ಕಾಂಡೊ ಫ್ಲ್ಯಾಟು ಹೊಕ್ಕರೆ ದೇವರ ಪಟಕ್ಕಿಂತ ಮೊದಲು ಕಣ್ಣಿಗೆ ಬೀಳುವುದು ಗೋಡೆಯ ಮೇಲಿನ ಉದ್ದನೆಯ ಬಂದೂಕು. ಅಮೆರಿಕ ಪ್ರವಾಸದಲ್ಲಿ ಕೊಂಡದ್ದು. ಇನ್ನೂರು ವರ್ಷದ ಹಿಂದೆ ಆ ದೇಶದಲ್ಲಿ ಪಶ್ಚಿಮಕ್ಕೆ ದಾರಿ ಹುಡುಕಿಕೊಂಡು ಹೋದ ಅನ್ವೇಷಕರು ಹೆಗಲ ಮೇಲೆ ಹೊತ್ತದ್ದು ಇದೇ ಎಂದು ಬಂದವರಿಗೆಲ್ಲ ಹೇಳುತ್ತಾರೆ. ಕಾಫಿ ಆರಿ ತಣ್ಣಗಾದರೂ ಕಥೆ ಮುಗಿಯದು. ಆಟದ ಪಿಸ್ತೂಲು ಕಂಡರೂ ಏರ್‌ಪೋರ್ಟಿನಲ್ಲಿ ಪಕ್ಕಕ್ಕೆ ಕರೆಯುವ ಈ ಪರದೇಶದ ಊರಿಗೆ ನಿಜವಾದ ಬಂದೂಕು ಹೇಗೆ ನುಸುಳಿತು ಎಂದು ಒಬ್ಬರೂ ಕೇಳುವುದಿಲ್ಲ. ನಾನೂ ಕೇಳಿರಲಿಲ್ಲ. ಅಕ್ಕನ ಗಂಡ, ಕಾಗೆ ಬಿಳಿ ಅಂದರೂ ಹೂಂ ಅನ್ನಬೇಕು.

ಹೋದ ವರ್ಷ ಆಯುಧಪೂಜೆಗೆ ಬಂದೂಕನ್ನೂ ಪೂಜೆಗಿಡಬೇಕೆಂದು ಭಾವನ ಅಪ್ಪಣೆಯಾಯಿತು. ಅಕ್ಕ ದೀಪದ ಕಂಬಗಳ ಜೊತೆಗೆ ಅದರ ಹಿತ್ತಾಳೆ ಪಟ್ಟಿಯನ್ನೂ ಹುಣಸೆಹಣ್ಣು ಹಾಕಿ ತಿಕ್ಕಿದಳು. ಹಳದಿ ಹೋಗಿ ಒಳಗಿನ ಬೂದಿ ಬಣ್ಣದ ಲೋಹ ಎದ್ದು ಬಂತು.

ಬಂದ ನೆಂಟರೆದುರೇ ಭಾವ ಶುರು ಮಾಡಿದರು. "ಏನೇ ಮಾಡಿದೀಯಾ? ಹಿಸ್ಟಾರಿಕಲ್ ಪೀಸ್ ಇದು. ಪಾತ್ರೆಗೂ ಆಂಟಿಕ್‌ಗೂ ಡಿಫರೆನ್ಸ್ ಗೊತ್ತಾಗಲ್ವಾ ನಿಂಗೆ?"

"ಪೂಜೆಗೆ ಅಂತ ಕ್ಲೀನ್ ಮಾಡ್ದೆ ರೀ," ಎಂದು ಅಕ್ಕ ಹುಣಸೆಹಣ್ಣಿನ ಕೈಯಲ್ಲೇ ಅತ್ತಳು. ನನಗೆ ಮೈಯೆಲ್ಲ ಉರಿಯಿತು. ನಾನು ಮೆಕ್ಯಾನಿಕಲ್ ಪಾಠ ಹೇಳುವವನು, ಹಳೆಯ ಬಂದೂಕುಗಳ ಹುಚ್ಚು ಬೇರೆ. ಅದನ್ನು ಕೈಗೆತ್ತಿಕೊಂಡೆ.

"ಭಾವ, ಅವ್ರು ಹೊತ್ಕೊಂಡು ಹೋಗಿದ್ದು ಚಕಮಕಿ ಕಲ್ಲಿನ ಬಂದೂಕು. ಕಲ್ಲು ಕಚ್ಚೋ ದವಡೆ ಇರ್ಬೇಕು, ಪಕ್ಕದಲ್ಲಿ ಮದ್ದಿಗೆ ಪುಟ್ಟ ಬಟ್ಲು ಇರ್ಬೇಕು. ಇದ್ರಲ್ಲಿರೋದು ಹೊಡೆದ್ರೆ ಸಿಡಿಯೋ ಕೇಪು ಕೂರಿಸೋ ಮೊಳೆ. ಕೇಪಿನ ಬಂದೂಕು ಬಂದಿದ್ದು ಅವ್ರೆಲ್ಲ ಮನೆ ಸೇರಿ ಎಷ್ಟೋ ವರ್ಷ ಆದ್ಮೇಲೆ."

ನಳಿಗೆಯ ಬಾಯಿಗೆ ಕಿರುಬೆರಳು ಇಟ್ಟೆ. ಉಗುರಿನಷ್ಟೂ ಒಳಗೆ ಹೋಗಲಿಲ್ಲ.

"ತೂತೇ ಇಲ್ಲ. ಇನ್ನು ಹಿತ್ತಾಳೆ ಆಗಿದ್ರೆ ಹುಣಸೆಹಣ್ಣಿಗೆ ಹೊಳೀತಿತ್ತು, ಹೋಗ್ತಿರ್ಲಿಲ್ಲ. ಅಕ್ಕ ಏನೂ ಹಾಳು ಮಾಡಿಲ್ಲ. ಶೋಕೇಸ್ ಬೊಂಬೆಗೆ ಸ್ನಾನ ಮಾಡಿಸಿದಾಳೆ ಅಷ್ಟೆ."

ನೆಂಟರೆಲ್ಲ ಕೋಸಂಬರಿಯ ದೊನ್ನೆಯೊಳಗೆ ಕಣ್ಣು ನೆಟ್ಟರು. ಈಗಲಾದರೂ ಹೆಂಡತಿಯ ಕಡೆ ತಿರುಗಿ ಒಂದು ಮಾತು ಆಡುತ್ತಾರೆ ಎಂದುಕೊಂಡೆ. ಭಾವ ಕನ್ನಡಕ ಒರೆಸಿಕೊಂಡು, "ಸದ್ಯ, ದೊಡ್ಡ ಲಾಸ್ ಏನಿಲ್ಲ ಬಿಡು," ಎಂದರು. ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ. ಅಂಗಡಿಯವನನ್ನು ಬೈದರು, ಅಮೆರಿಕವನ್ನೇ ಬೈದರು, ಅಕ್ಕನಿಗೆ ಮಾತ್ರ ತಪ್ಪಾಯಿತೆಂಬ ಅರ್ಧ ಮಾತೂ ಇಲ್ಲ. ಇಂಥವರನ್ನು ವಿದ್ಯಾವಂತರು ಅನ್ನುತ್ತೇವೆ.

ಅಕ್ಕ ಒಳಗೆ ಹೋಗಿ ಮುಖ ತೊಳೆದು ಬಂದಳು. ಬಂದೂಕಿಗೆಂದು ತಂದಿದ್ದ ಸೇವಂತಿಗೆ ಹಾರ ತಟ್ಟೆಯಲ್ಲಿತ್ತು. ಅದನ್ನೆತ್ತಿ, ಅಮ್ಮ ಮೈಸೂರಿನಿಂದ ಕೊಟ್ಟು ಕಳಿಸಿದ್ದ ಈಳಿಗೆಮಣೆಗೆ ಹಾಕಿ ಕುಂಕುಮವಿಟ್ಟಳು.

"ಅದಕ್ಯಾಕೆ ಹಾರ?" ಎಂದರು ಭಾವ.

ಅಕ್ಕ ಆರತಿ ತಟ್ಟೆ ಎತ್ತಿಕೊಂಡಳು. "ಇವತ್ತು ಆಯುಧಪೂಜೆ ರೀ. ನಮ್ಮನೇಲಿ ಇರೋ ಆಯುಧ ಇದೊಂದೇ."