ಬಂಗಾರಮ್ಮ ವಾಪಸ್ ಕೇಳಿದ ಜಾಡಿಗಳು

ಬಂಗಾರಮ್ಮ ನನ್ನ ಅಜ್ಜಿಯ ತಂಗಿ. ಕುಪ್ಪಗಡ್ಡೆಯಲ್ಲಿ ಹುಟ್ಟಿ ಬಂದಳಿಕೆಯ ಉಚ್ಚಂಗಪ್ಪನ ಮನೆ ತುಂಬಿದವಳು. ಮಕ್ಕಳಾಗಿರಲಿಲ್ಲ. ಗಂಡ ಹೆಂಡತಿ ಜಗಳವಾಡುತ್ತಿದ್ದರು, ಮಾತು ಬಿಡುತ್ತಿದ್ದರು, ಮತ್ತೆ ಒಂದಾಗುತ್ತಿದ್ದರು. ಊರಲ್ಲಿ ಯಾರೂ ಅದನ್ನು ದೊಡ್ಡದು ಮಾಡಿರಲಿಲ್ಲ. ೧೯೫೮ರ ಬೇಸಿಗೆಯಲ್ಲಿ ಉಚ್ಚಂಗಪ್ಪ ಸತ್ತ ಮೇಲೆ ಮಾತ್ರ ಜನ ಆ ಜಗಳಗಳನ್ನೆಲ್ಲ ಒಂದೊಂದಾಗಿ ನೆನಪಿಸಿಕೊಳ್ಳತೊಡಗಿದರು.

ಅವತ್ತು ಬೆಳಿಗ್ಗೆ ಉಚ್ಚಂಗಪ್ಪ ಮನೆಯಲ್ಲಿ ರೊಟ್ಟಿ ತಿಂದು ಹೊಲಕ್ಕೆ ಹೋಗಿದ್ದ. ಅಲ್ಲಿ ತಮ್ಮ ಗುರುಮಲ್ಲಪ್ಪ ಕೊಟ್ಟ ಮಜ್ಜಿಗೆ ಕುಡಿದಿದ್ದ. ಬಿಸಿಲೇರುವ ಹೊತ್ತಿಗೆ ವಾಂತಿಯಾಯಿತು, ಮೈಯೆಲ್ಲ ಬೆವರಿತು, ಬದುವಿನ ಮೇಲೆ ಕುಸಿದು ಕೂತ. ಗಾಡಿ ಕಟ್ಟುವಷ್ಟರಲ್ಲಿ ಜೀವ ಹೋಗಿತ್ತು.

ಗುರುಮಲ್ಲಪ್ಪ ಅಣ್ಣನ ಹೆಣದ ಮುಂದೆ ಅಳಲಿಲ್ಲ. ನೇರ ಶಿಕಾರಿಪುರಕ್ಕೆ ಹೋಗಿ, ಹಿಂದಿನ ದಿನ ಗಂಡ ಹೆಂಡತಿ ಬಾಯಿ ಮಾಡಿದ್ದನ್ನು ಪೊಲೀಸರ ಮುಂದೆ ಹೇಳಿದ. ರೊಟ್ಟಿಯ ವಿಷಯ ಹೇಳಿದ, ಮಜ್ಜಿಗೆಯ ವಿಷಯ ಹೇಳಲಿಲ್ಲ. ಪೊಲೀಸರು ಊರಿಗೆ ಬಂದಾಗ ಅದನ್ನು ಬಂಗಾರಮ್ಮ ಹೇಳಿದಳು. ದಫೇದಾರ ಅವಳ ಮುಖ ನೋಡಿದ, ಇವನ ಮುಖ ನೋಡಿದ, ಹೆಣವನ್ನು ಆಸ್ಪತ್ರೆಗೆ ಸಾಗಿಸಿದ.

ಹೆಣ ಊರಿಗೆ ಮರಳಿ ಬಂದಾಗ ಎದೆಯಿಂದ ಹೊಟ್ಟೆಯ ತನಕ ಗೋಣಿಚೀಲದ ಬಾಯಿ ಹೊಲಿದ ಹಾಗೆ ಹೊಲಿದಿದ್ದರು. ನಮ್ಮ ಲಿಂಗಾಯತರಲ್ಲಿ ಸತ್ತವರನ್ನು ಕೂರಿಸಿ ಮಣ್ಣು ಮಾಡುವುದು ಪದ್ಧತಿ. ಉಚ್ಚಂಗಪ್ಪ ಕೂರಲೊಲ್ಲ. ಮುಂದಕ್ಕೆ ಬಾಗುತ್ತಿದ್ದ, ಹೊಟ್ಟೆಯ ಭಾಗ ಒಳಗೆ ಕುಸಿಯುತ್ತಿತ್ತು. ಕೊನೆಗೆ ವಿಭೂತಿಯ ಗಟ್ಟಿಗಳನ್ನು ಸುತ್ತ ಒತ್ತಾಗಿ ಜೋಡಿಸಿ ಕೂರಿಸಿದರು.

"ಒಳಗೆ ಏನೂ ಇಲ್ಲೇನ್ರೀ?" ಎಂದು ಬಂಗಾರಮ್ಮ ದಫೇದಾರನನ್ನು ಕೇಳಿದಳು.

"ಹೊಟ್ಟೆ, ಕಲೀಜ, ಮೂತ್ರಪಿಂಡ ತೆಗೆದಾರಮ್ಮ. ಗಾಜಿನ ಜಾಡಿಗೆ ಹಾಕಿ, ಉಪ್ಪುನೀರು ತುಂಬಿ, ಅರಗಿನ ಮೊಹರು ಒತ್ತಿ ಬೆಂಗಳೂರಿಗೆ ಕಳಿಸ್ತಾರೆ. ವಿಷ ಇದ್ರೆ ಅಲ್ಲಿ ಗೊತ್ತಾಗ್ತತಿ."

ಆ ದಿನದಿಂದ ಊರಿನ ಹೆಂಗಸರು ಅವಳನ್ನು ಕಂಡರೆ ಮಾತು ನಿಲ್ಲಿಸುತ್ತಿದ್ದರು. ಅವಳಿಗೂ ಯಾರ ಮೇಲೂ ನಂಬಿಕೆ ಉಳಿಯಲಿಲ್ಲ. ಮಜ್ಜಿಗೆಯ ಚೊಂಬನ್ನು ಗುರುಮಲ್ಲಪ್ಪ ಅವತ್ತೇ ತೊಳೆದದ್ದು ಯಾಕೆ ಎಂದು ಯೋಚಿಸುತ್ತಿದ್ದಳು. ರೊಟ್ಟಿಯ ಹಂಚನ್ನು ತಾನೂ ಅವತ್ತೇ ತೊಳೆದಿದ್ದೆ ಎಂಬುದು ಆಮೇಲೆ ನೆನಪಾಗುತ್ತಿತ್ತು.

ಮಾತಾಡಿಸಲು ಬಂದವನು ಬಡೇಸಾಬ್ ಒಬ್ಬನೇ. ಎತ್ತುಗಳಿಗೆ ಲಾಳ ಕಟ್ಟುತ್ತಿದ್ದ ಮುದುಕ. ಹರೆಯದಲ್ಲಿ ಮೈಸೂರು ಮಹಾರಾಜರ ಕುದುರೆ ದಳದಲ್ಲಿ ಕುದುರೆ ನೋಡಿಕೊಳ್ಳುವ ಕೆಲಸಕ್ಕಿದ್ದು, ಮೊದಲ ಮಹಾಯುದ್ಧದಲ್ಲಿ ಹಡಗು ಹತ್ತಿ ಈಜಿಪ್ಟಿಗೆ ಹೋಗಿದ್ದ. ಆ ದೇಶವನ್ನು ಅವನು ಮಿಸ್ರ ಅನ್ನುತ್ತಿದ್ದ. ಜಾಡಿಯ ಸುದ್ದಿ ಕೇಳಿ ಅವನಿಗೆ ಹಳೆಯದು ನೆನಪಾಯಿತು.

"ತಂಗೀ, ಮಿಸ್ರದಾಗೆ ಹಿಂದಿನ ಕಾಲದ ರಾಜರ ಹೆಣ ನೋಡೀನಿ ನಾನು. ಸಾವಿರಾರು ವರ್ಷದ್ದು. ಕೊಳೆತಿಲ್ಲ, ಒಣಗೇತಿ ಅಷ್ಟೇ. ಅವರೂ ಹೊಟ್ಟೆ ಕೊಯ್ತಿದ್ರಂತೆ. ಕಲೀಜ, ಪುಪ್ಪುಸ, ಕರುಳು, ಜಠರ ಎಲ್ಲ ತೆಗೆದು ಉಪ್ಪಿನಾಗೆ ಒಣಗಿಸಿ ನಾಕು ಜಾಡಿಗೆ ಹಾಕ್ತಿದ್ರು. ಜಾಡಿ ಮುಚ್ಚಳಕ್ಕೆ ಒಂದಕ್ಕೆ ಮನುಷ್ಯನ ತಲೆ, ಒಂದಕ್ಕೆ ಮಂಗನದು, ಒಂದಕ್ಕೆ ನರಿ, ಒಂದಕ್ಕೆ ಗಿಡುಗ. ಅವು ಕಾವಲಂತೆ."

"ತಲೆಯೊಳಗಿನ ಮಿದುಳು?"

"ಅದನ್ನ ಮೂಗಿನಾಗಿಂದ ಕೊಕ್ಕೆ ಹಾಕಿ ಎಳೆದು ಬಿಸಾಕ್ತಿದ್ರಂತೆ. ಕೆಲಸಕ್ಕೆ ಬಾರದ್ದು ಅಂತ. ಗುಂಡಿಗೆ ಮಾತ್ರ ಒಳಗೇ ಬಿಡ್ತಿದ್ರು. ಬುದ್ಧಿ, ನೆನಪು ಎಲ್ಲ ಅದರಾಗೇ ಇರ್ತತಿ ಅಂತ ಅವರ ನಂಬಿಕೆ. ಸತ್ತ ಮೇಲೆ ಅದನ್ನ ಒಂದು ಗರಿ ಜೊತೆ ತಕ್ಕಡಿಗಿಟ್ಟು ತೂಗ್ತಾರಂತೆ. ಪಾಪ ಮಾಡಿದ್ದು ಭಾರ ಆಗ್ತತಿ."

ಬಂಗಾರಮ್ಮ ಕೇಳಿದಳು: "ಜಾಡಿಗಳನ್ನ ಏನು ಮಾಡ್ತಿದ್ರು ಸಾಬಣ್ಣ?"

"ಹೆಣದ ಪಕ್ಕದಾಗೇ ಇಡ್ತಿದ್ರಲ್ಲ. ಅವನದು ಅವನ ಹತ್ರಾನೇ ಇರ್ಬೇಕಲ್ಲ."

ಬಡೇಸಾಬ್ ಸಮಾಧಾನಕ್ಕೆಂದು ಹೇಳಿದ ಮಾತು ಅವಳ ನಿದ್ದೆ ಕೆಡಿಸಿತು. ದೇವರನ್ನು ಕಾಣದ ಪರದೇಶದವರು ಕೂಡ ಸತ್ತವನದನ್ನು ಸತ್ತವನಿಗೇ ಕೊಡುತ್ತಿದ್ದರು. ತನ್ನ ಗಂಡನದನ್ನು ಮಾತ್ರ ಯಾರೋ ಇಟ್ಟುಕೊಂಡಿದ್ದಾರೆ. ಯಾಕೆ ಇಟ್ಟುಕೊಂಡರು? ವಿಷ ನೋಡುವುದಕ್ಕೆ ಒಂದು ಚೂರು ಸಾಕಾಗುತ್ತಿರಲಿಲ್ಲವೇ? ಗುಂಡಿಗೆಯನ್ನಾದರೂ ಬಿಟ್ಟಿದ್ದಾರೋ ಇಲ್ಲವೋ?

ಬಸ್ಸು ಹಿಡಿದು ಒಬ್ಬಳೇ ಶಿಕಾರಿಪುರದ ಆಸ್ಪತ್ರೆಗೆ ಹೋದಳು. ಡಾಕ್ಟರು ವಯಸ್ಸಿನಲ್ಲಿ ಚಿಕ್ಕವರು, ಸಿಟ್ಟಿನವರಲ್ಲ.

"ಹೃದಯ ನೋಡಿ ಅಲ್ಲೇ ಇಟ್ಟು ಹೊಲಿದಿದೀವಮ್ಮ," ಎಂದರು.

"ಉಳಿದದ್ದು ವಾಪಸ್ ಯಾವಾಗ ಕೊಡ್ತೀರಿ?"

"ವಾಪಸ್ ಬರಲ್ಲ. ಪರೀಕ್ಷೆ ಆದಮೇಲೆ ಬೆಂಗಳೂರಲ್ಲೇ ವಿಲೇವಾರಿ ಮಾಡ್ತಾರೆ."

"ಹಂಗಾದ್ರೆ ಪರೀಕ್ಷೆ ಬ್ಯಾಡ. ಜಾಡಿ ಕೊಟ್ಬಿಡ್ರೀ, ತಗಂಡು ಹೋಗ್ತೀನಿ."

ಅಲ್ಲೇ ಬಾಗಿಲ ಬಳಿ ಬೇರೆ ಕೇಸಿಗೆಂದು ಬಂದ ದಫೇದಾರ ನಿಂತಿದ್ದ. ಅವನು ಒಳಗೆ ಬಂದ.

"ಪರೀಕ್ಷೆ ಯಾಕೆ ಬ್ಯಾಡ? ಅದರಾಗೆ ಏನು ಸಿಗ್ತತಿ ಅಂತ ಹೆದ್ರಿಕೆ ನಿಂಗೆ?"

ತಾನು ಎಂಥ ಮಾತಾಡಿದೆ ಎಂಬುದು ಅವಳಿಗೆ ಆಗ ಹೊಳೆಯಿತು. ಮಿಸ್ರದ ರಾಜರ ಕತೆ ಹೇಳಲು ಹೋದಳು. ಅದು ಅವಳ ಬಾಯಲ್ಲಿ ಹುಚ್ಚುಹುಚ್ಚಾಗಿ ಕೇಳಿಸಿತು. ಅವತ್ತು ಸಂಜೆಯವರೆಗೆ ಠಾಣೆಯಲ್ಲಿ ಕೂರಿಸಿಕೊಂಡು ಕೇಳಿದ್ದನ್ನೇ ಕೇಳಿದರು. ಅವಳು ಊರು ಸೇರುವ ಮೊದಲೇ ಸುದ್ದಿ ಸೇರಿತ್ತು: ಸಾಕ್ಷಿ ಕದಿಯೋಕೆ ಹೋಗಿದ್ಲಂತೆ.

ಆಮೇಲೆ ಅವಳು ಯಾರನ್ನೂ ಏನೂ ಕೇಳಲಿಲ್ಲ. ಕುಂಬಾರನ ಬಳಿಯಿಂದ ಮೂರು ಪುಟ್ಟ ಕುಡಿಕೆ ತಂದಳು. ಆಸ್ಪತ್ರೆಯವರು ತೆಗೆದದ್ದು ಮೂರು, ಅದಕ್ಕೆ ಮೂರು. ಪ್ರತಿಯೊಂದಕ್ಕೂ ಹಿಡಿ ಉಪ್ಪು, ಚೂರು ವಿಭೂತಿ ಹಾಕಿ, ಬಾಯಿಗೆ ಬಟ್ಟೆ ಕಟ್ಟಿ, ಬೆಳಗಿನ ಜಾವ ಹೋಗಿ ಗಂಡನ ಸಮಾಧಿಯ ಮಗ್ಗುಲಲ್ಲಿ ಹೂತಳು. ಎಲ್ಲೋ ಬೆಂಗಳೂರಿನಲ್ಲಿರುವುದು ದಾರಿ ಹುಡುಕಿಕೊಂಡು ಬಂದರೆ ಇರಲು ಜಾಗ ಬೇಕಲ್ಲ ಎಂಬುದಷ್ಟೇ ಅವಳ ಮನಸ್ಸಿನಲ್ಲಿ ಇದ್ದದ್ದು.

ಗುರುಮಲ್ಲಪ್ಪ ಅವಳ ಮೇಲೆ ಕಣ್ಣಿಟ್ಟಿದ್ದ. ಮಧ್ಯಾಹ್ನದೊಳಗೆ ಊರವರನ್ನು ಕಟ್ಟಿಕೊಂಡು ಬಂದು ಗುದ್ದಲಿ ಹಾಕಿಸಿದ. ವಿಷದ ಸೀಸೆ ಸಿಗುತ್ತದೆಂದು ಕಾದವರಿಗೆ ಬಟ್ಟೆ ಕಟ್ಟಿದ ಕುಡಿಕೆಗಳು ಸಿಕ್ಕವು. ಜನ ಹಿಂದಕ್ಕೆ ಸರಿದರು. ಇದು ಮಾಟ ಎಂದು ಯಾರೋ ಕೂಗಿದರು. ಮುಟ್ಟುವ ಧೈರ್ಯ ಒಬ್ಬರಿಗೂ ಇರಲಿಲ್ಲ. ಬಡೇಸಾಬ್ ಮುಂದೆ ಬಂದು ಕಥೆ ಹೇಳಲು ಹೊರಟಾಗ, "ನಿಂದೇನು ಇದರಾಗೆ? ನೀನೇ ಕಲಿಸಿದ್ದಾ?" ಎಂದು ಅವನ ಮೇಲೂ ತಿರುಗಿಬಿದ್ದರು.

ಬಂಗಾರಮ್ಮ ತಾನೇ ಬಂದು ಕುಡಿಕೆಯೊಂದರ ಬಟ್ಟೆ ಬಿಚ್ಚಿ ಅದರೊಳಗಿನ ಉಪ್ಪನ್ನು ಅಂಗೈಗೆ ಸುರಿದುಕೊಂಡು ನೆಕ್ಕಿದಳು. ಎರಡನೆಯದನ್ನು ಗುರುಮಲ್ಲಪ್ಪನ ಮುಂದೆ ಹಿಡಿದಳು.

"ನೀನೂ ನೋಡು," ಎಂದಳು.

ಅವನು ಮುಟ್ಟಲಿಲ್ಲ. ಆದರೆ ಮತ್ತೆ ಮಣ್ಣು ಮುಚ್ಚಬೇಡ ಎಂದು ಹೇಳಲೂ ಇಲ್ಲ. ಅವಳು ಕುಡಿಕೆಗಳನ್ನು ಮೊದಲಿದ್ದಲ್ಲೇ ಇಟ್ಟು ಕೈಯಿಂದಲೇ ಮಣ್ಣು ಎಳೆದಳು.

ಮಳೆ ಹಿಡಿದ ಮೇಲೆ ಬೆಂಗಳೂರಿನ ವರದಿ ಬಂತು. ಯಾವುದರಲ್ಲೂ ವಿಷವಿರಲಿಲ್ಲ. ದಫೇದಾರ ಇಬ್ಬರನ್ನೂ ಶಿಕಾರಿಪುರಕ್ಕೆ ಕರೆಸಿ ಹೇಳಿದ, ಕೇಸು ಮುಗಿಯಿತು ಎಂದ. ಹಾಗಾದರೆ ಸತ್ತದ್ದು ಯಾಕೆ ಎಂದು ಬಂಗಾರಮ್ಮ ಡಾಕ್ಟರನ್ನು ಕೇಳಿದಳು.

"ಹೃದಯ ನಿಂತಿರಬಹುದು. ನಿಂತದ್ದು ಯಾಕೆ ಅಂತ ನಾನು ಹೇಳಲಾರೆ. ವಿಷ ಇಲ್ಲ ಅಂತ ಮಾತ್ರ ಹೇಳಬಲ್ಲೆ."

ವಾಪಸ್ ಬರುವಾಗ ಅತ್ತಿಗೆ ಮೈದುನ ಒಂದೇ ಬಸ್ಸಿನಲ್ಲಿ ದೂರ ದೂರ ಕೂತರು. ಇಳಿದ ಮೇಲೆ ಗುರುಮಲ್ಲಪ್ಪ ಅವಳನ್ನು ತಡೆದು ನಿಲ್ಲಿಸಿದ.

"ಅತ್ತಿಗೆ, ನೀ ಹಾಕಿಲ್ಲ ಅಂತಾತು. ನಾ ಹಾಕಿಲ್ಲ ಅಂತ ನೀ ನಂಬ್ತೀಯೋ ಇಲ್ಲೋ?"

"ವಿಷಾನೇ ಇರಲಿಲ್ಲ ಅಂದ್ರಲ್ಲಪ್ಪ."

"ಅದಲ್ಲ ನಾ ಕೇಳಿದ್ದು."

ಅವಳು ಮನೆಯ ದಾರಿ ಹಿಡಿದಳು. ಬಾಯಿಂದ ಹೌದು ಅನ್ನಬಹುದಿತ್ತು, ಒಳಗೆ ಹೌದು ಇರಲಿಲ್ಲ ಎಂದು ಎಷ್ಟೋ ವರ್ಷದ ಮೇಲೆ ನನ್ನ ಬಳಿ ಹೇಳಿದಳು. ತವರಿಗೆ ಬಾ ಎಂದು ನನ್ನ ಅಜ್ಜಿ ಕರೆದಾಗಲೂ ಹೋಗಲಿಲ್ಲ. ಹೋದರೆ ಓಡಿಹೋದಳು ಅನ್ನುತ್ತಾರೆ ಎಂದು ಅಲ್ಲೇ ಉಳಿದು ತನ್ನ ಪಾಲಿನ ಹೊಲ ಮಾಡಿಸಿದಳು.

ದೀಪಾವಳಿ ಕಳೆದ ಮೇಲೆ ಒಂದು ಸಂಜೆ ಗುರುಮಲ್ಲಪ್ಪನ ಮಗಳು ಜಗದಾಂಬ ಚಾಪೆ ಸುತ್ತಿಕೊಂಡು ಬಂದಳು. ದೊಡ್ಡಮ್ಮ ಒಬ್ಬಳೇ ಇರ್ತಾಳೆ, ಜೊತೆಗೆ ಮಲಗು ಅಂತ ಅಪ್ಪ ಕಳಿಸಿದ ಎಂದಳು. ಜೊತೆಗೋ ಕಾವಲಿಗೋ ಎಂಬ ಅನುಮಾನ ಬಂಗಾರಮ್ಮನಿಗೆ ಬಂತು. ಆದರೂ ಹುಡುಗಿಗೆ ಚಾಪೆ ಹಾಸಲು ಜಾಗ ತೋರಿಸಿದಳು. ಕೆಲವು ದಿನ ತಡೆದು ಕೇಳಿಯೇಬಿಟ್ಟಳು.

"ಮನೆಗೆ ಹೋದಾಗ ನಿಮ್ಮಪ್ಪ ನನ್ನ ವಿಷ್ಯ ಏನು ಕೇಳ್ತಾನೆ?"

"ದೊಡ್ಡಮ್ಮ ರಾತ್ರಿ ಅಳ್ತಾಳೇನು ಅಂತ ಕೇಳ್ತಾನೆ."

"ನೀ ಏನಂತೀ?"

"ಇಲ್ಲ ಅಂತೀನಿ."

"ಅಷ್ಟೇ ಹೇಳು," ಎಂದು ಬಂಗಾರಮ್ಮ ದೀಪ ಸಣ್ಣದು ಮಾಡಿದಳು. ಜಗದಾಂಬ ಮದುವೆಯಾಗಿ ಸೊರಬದ ಕಡೆಗೆ ಹೋಗುವವರೆಗೂ ಅಲ್ಲೇ ಮಲಗುತ್ತಿದ್ದಳು.